ಕರಪತ್ರದಲ್ಲಿ ಇಲ್ಲದ ಹೆಸರು

ಊರಿನ ಜಾತ್ರೆಯ ಕರಪತ್ರ ಈಗ ಅಂಚೆಯಲ್ಲಿ ಬರುವುದಿಲ್ಲ, ವಾಟ್ಸಾಪಿನಲ್ಲಿ ಬರುತ್ತದೆ. ಚೆನ್ನೈನ ವೇಳಚೇರಿಯಲ್ಲಿ ಕೂತು ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿಕೊಂಡು ಓದುವುದು ನನಗೆ ವರ್ಷಕ್ಕೊಂದು ಸುಖ. ಹೂವಿನ ಅಲಂಕಾರ ಯಾರದು, ಶಾಮಿಯಾನ ಯಾರದು, ಪಾನಕ ಮಜ್ಜಿಗೆ ಯಾರ ಸೇವೆ, ಎಲ್ಲರ ಹೆಸರೂ ಇರುತ್ತದೆ. ಹೆಸರಿನ ಪಕ್ಕ ಡಿಗ್ರಿ, ಕೆಲಸ, ಯಾರ ಮಗ ಅನ್ನುವುದು. ರಾತ್ರಿಯ ಆರ್ಕೆಸ್ಟ್ರಾದವರದು ಫೋಟೋ ಸಮೇತ. ಕಟ್ಟಕಡೆಗೆ ಒಂದು ಸಾಲು: ‘ಸೋಮನ ಕುಣಿತ ಹಾಗೂ ತಮಟೆ ವಾದ್ಯ ಇರುತ್ತದೆ.’ ಇರುತ್ತದಂತೆ! ಕುಡಿಯುವ ನೀರಿನ ವ್ಯವಸ್ಥೆ ಇರುತ್ತದೆ ಅಂದ ಹಾಗೆ.

ನಮ್ಮದು ಅರಸೀಕೆರೆ ಕಡೆ. ಹಾಸನ ಜಿಲ್ಲೆಯವರಿಗೆ ಕಲೆಯ ವಿಷಯದಲ್ಲಿ ಜಂಬ ಸ್ವಲ್ಪ ಜಾಸ್ತಿ, ನನಗೂ ಇದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದ ವಾರ ನಮ್ಮ ನೆಂಟರಿಷ್ಟರ ಸ್ಟೇಟಸ್ಸಿನಲ್ಲೆಲ್ಲ ದರ್ಪಣ ಸುಂದರಿಯೇ. ಆಫೀಸಿನಲ್ಲಿ ನಾನೂ ತಮಿಳು ಗೆಳೆಯರಿಗೆ ಅದೇ ಚಿತ್ರ ತೋರಿಸಿದೆ. ಅವರಲ್ಲೊಬ್ಬ ಕೇಳಿದ್ದು ಒಂದೇ ಪ್ರಶ್ನೆ: “ಯಾರು ಮಾಡಿದ್ದು?” ನನ್ನ ಬಾಯಿಗೆ ತಟ್ಟನೆ ಬಂದದ್ದು ಜಕಣಾಚಾರಿ.

ತಪ್ಪು. ಜಕಣಾಚಾರಿಯದು ಕಥೆ. ಬೇಲೂರಿನ ಕಲ್ಲೇ ಬೇರೆ ಹೆಸರು ಹೇಳುತ್ತದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ಗುಡಿಯಲ್ಲಿ, ಮದನಿಕೆಯರ ಕಾಲಡಿಯ ಪೀಠಗಳಲ್ಲಿ, ಹಳಗನ್ನಡದ ಸಣ್ಣ ಅಕ್ಷರಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಳ್ಳಿಗಾವೆ ಈಗಿನ ಶಿಕಾರಿಪುರ ತಾಲ್ಲೂಕಿನದು, ಅಂದರೆ ಅಪ್ಪ ಮಗ ಕೆಲಸ ಹುಡುಕಿಕೊಂಡು ಬಂದ ಪರಊರಿನವರು, ನನ್ನ ಹಾಗೆ. ಈ ರೂವಾರಿಗಳು, ಅಂದರೆ ಶಿಲ್ಪಿಗಳು, ಬರೀ ಹೆಸರು ಕೆತ್ತಿ ಸುಮ್ಮನಾಗಲಿಲ್ಲ. ಊರು, ತಂದೆ, ಮಿಕ್ಕ ರೂವಾರಿಗಳನ್ನು ಮೀರಿಸಿದವನು ತಾನು ಅನ್ನುವ ಅರ್ಥದ ಬಿರುದು, ಎಲ್ಲ ಹಾಕಿಕೊಂಡರು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯಲ್ಲಂತೂ (1246) ತೆಂಕಣ ಗೋಡೆಯ ವಿಗ್ರಹಗಳು ಬೈಚೋಜನವು, ಬಡಗಣದವು ಮಲ್ಲಿತಮ್ಮನವು. ಎರಡು ಕೈ, ಎರಡು ಸಹಿ. ಸುತ್ತು ಹಾಕುತ್ತ ಯಾರ ಕೈ ಹೇಗೆ ಓಡಿದೆ ಎಂದು ನೀವೇ ತೂಗಿ ನೋಡಬಹುದು.

ಈ ಗುಡಿಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟರು. ಮೆತ್ತಗಿದ್ದಾಗಲೇ ಹೆಸರೂ ಬರೆದುಕೊಂಡರು ಎಂದು ಯಾರೂ ಹೇಳಲಿಲ್ಲ. ಸಹಿ ಹಾಕಿದವರನ್ನು ಬಿಟ್ಟು ಸಹಿಯೇ ಇಲ್ಲದ ಜಕಣಾಚಾರಿಯನ್ನು ಹಿಡಿದುಕೊಂಡಿದ್ದೇವೆ, ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಯೂ ಅವನ ಹೆಸರಿನದೇ.

ತಮಿಳರ ದಾರಿ ಬೇರೆ. ತಂಜಾವೂರಿನ ದೊಡ್ಡ ಗುಡಿಯ ಗೋಡೆಯಲ್ಲಿ ರಾಜರಾಜ ಚೋಳ ದೇಗುಲದ ನಾನೂರು ನರ್ತಕಿಯರ ಹೆಸರು ಕೆತ್ತಿಸಿದ್ದಾನೆ. ಯಾವ ಗುಡಿಯಿಂದ ಬಂದವಳು, ಯಾವ ಬೀದಿ, ಎಷ್ಟನೇ ಮನೆ, ವರ್ಷಕ್ಕೆ ನೂರು ಕಲ (ಆಗಿನ ಅಳತೆ) ಭತ್ತ. ನೋಡಿದರೆ ಸಂಬಳದ ಪಟ್ಟಿ! ಅಲ್ಲಿ ಹೆಸರು ಬರೆಸಿದ್ದು ರಾಜ, ಇಲ್ಲಿ ಕೆಲಸಗಾರ ತಾನೇ ಬರೆದುಕೊಂಡ. ಇದರಲ್ಲಿ ನಮ್ಮದೇ ಒಂದು ಕೈ ಮೇಲೆ ಅನ್ನುತ್ತೇನೆ ನಾನು.

ಆದರೆ ಅದು ಆಗಿನ ಮಾತು. ಈಗಿನದು ಹೇಳುತ್ತೇನೆ. ಬೆಸೆಂಟ್ ನಗರದ ಕಡಲ ದಂಡೆಗೆ ಒಂದು ಭಾನುವಾರ ಸಂಜೆ ಹೋದಾಗ ಹತ್ತು ಹನ್ನೆರಡು ಹುಡುಗ ಹುಡುಗಿಯರು ಮರಳಲ್ಲಿ ಕಾಗದ, ಪುಳ್ಳೆ ಹಾಕಿ ಬೆಂಕಿ ಮಾಡಿ ಪರೈ ಕಾಯಿಸುತ್ತಿದ್ದರು. ಚರ್ಮ ಬಿಗಿಯಾಯಿತೋ ಇಲ್ಲವೋ ಎಂದು ಒಬ್ಬಳು ಬೆರಳಲ್ಲಿ ಮಿಡಿದು ಕಿವಿಗೆ ಹಿಡಿದಳು. ಒಂದು ಕೈಲಿ ಉದ್ದನೆಯ ಸಣ್ಣ ಕಡ್ಡಿ, ಇನ್ನೊಂದರಲ್ಲಿ ಗಿಡ್ಡ ದಪ್ಪ ಕೋಲು. ನಮ್ಮ ತಮಟೆಯೇ! ಮಾತಾಡಿಸಿದರೆ ಐಟಿಯವರು, ಲಾ ಓದುವವರು. ಸಾವಿನ ಮನೆಯ ವಾದ್ಯ ಎಂದು ದೂರವಿಟ್ಟದ್ದನ್ನು ಏನು ಮಾಡಬೇಕು ಎಂಬ ಜಗಳ ತಮಿಳುನಾಡಿನ ದಲಿತ ಚಳವಳಿಯೊಳಗೇ ನಡೆದಿದೆ. ಜೀತದ ಗುರುತು, ಕೆಳಗಿಡಿ ಎಂದರು ಕೆಲವರು. ಇಲ್ಲ, ಇದೇ ನಮ್ಮ ದನಿ, ಎತ್ತಿ ಹಿಡಿಯಿರಿ ಎಂದರು ಇನ್ನು ಕೆಲವರು. ಎತ್ತಿ ಹಿಡಿದದ್ದು ಬೀದಿ, ವೇದಿಕೆ, ಕಾಲೇಜು ಹತ್ತಿತು. ತಮಿಳಿನ ಪರೈ ನಮ್ಮ ಹಳೆಯ ಮಾತಿನ ಪಱೆಯೇ, ಆಮೇಲಿನ ಹರೆ. ಮಾರ್ಗಳಿ ತಿಂಗಳಲ್ಲಿ ಹಾಡುವ ತನ್ನ ತಿರುಪ್ಪಾವೈಯ ಮೊದಲ ಪದ್ಯದಲ್ಲೇ ಭಕ್ತಕವಿ ಆಂಡಾಳ್ ಪರೈ ಕೊಡುವವನು ನಾರಾಯಣನೇ ಎಂದು ಹಾಡಿದಳು. ಶಬ್ದಕ್ಕೆ ಗರ್ಭಗುಡಿ, ವಾದ್ಯಕ್ಕೆ ಊರಾಚೆ.

ಅಲ್ಲಿಯದೆಲ್ಲ ಚಿನ್ನ ಅನ್ನುತ್ತಿಲ್ಲ. ಟೀ ಶರ್ಟಿನ ಮೇಲೆ ಪರೈ ಚಿತ್ರ ಹಾಕಿಕೊಂಡವರಲ್ಲಿ ಎಷ್ಟು ಮಂದಿ ಸಾವಿನ ಮನೆಯ ಮುಂದೆ ಬಿಸಿಲಲ್ಲಿ ನಿಂತು ಬಾರಿಸಿದ್ದಾರೆ? ಆ ಕೆಲಸ ಇಂದಿಗೂ ಅದೇ ಕೇರಿಯವರದು. ನಮ್ಮಲ್ಲಿ ತಮಟೆಗೆ ವೇದಿಕೆ ಕಡಿಮೆ ಇರಬಹುದು, ಕೆಲಸ ಮಾತ್ರ ತಪ್ಪಿಲ್ಲ. ತಮಟೆ ಬೀಳದೆ ಸೋಮನ ಮುಖವಾಡ ಹೊತ್ತವನ ಕಾಲು ಏಳುವುದಿಲ್ಲ, ದೇವರು ಗುಡಿಯಿಂದ ಹೊರಡುವುದಿಲ್ಲ. ಪದ್ಮಶ್ರೀ ಬಂದದ್ದೂ ನಮಗೇ ಮೊದಲು, 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ. ಪರೈಯ ವೇಲು ಆಸಾನ್ ಅವರಿಗೆ ಬಂದದ್ದು 2025ರಲ್ಲಿ. ಅಲ್ಲಿ ಎಲ್ಲರೂ ಅವರನ್ನು ‘ಆಸಾನ್’ ಅನ್ನುತ್ತಾರೆ, ಗುರು ಎಂದರ್ಥ. ತಮಟೆಯವರನ್ನು ನಮ್ಮೂರಲ್ಲಿ ಯಾರಾದರೂ ಮೇಷ್ಟ್ರೇ ಅಂದದ್ದು ನಾನು ಕೇಳಿಲ್ಲ.

ನನ್ನದೇ ಹೇಳಿಕೊಳ್ಳಬೇಕು. ನಮ್ಮೂರಲ್ಲಿ ತಮಟೆ ಬಡಿಯುತ್ತಿದ್ದ ಅಜ್ಜ ನನ್ನ ಅಪ್ಪನಿಗಿಂತ ದೊಡ್ಡವರು. ನಾನು, ಐದನೇ ಕ್ಲಾಸಿನ ಹುಡುಗ, ಅವರನ್ನು “ಯಾವಾಗ ಬಂದೆ, ಊಟ ಆಯ್ತಾ ನಿಂದು” ಅಂತ ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಅವರು ನನಗೆ “ಆಯ್ತು ಬುದ್ಧಿ” ಅನ್ನುತ್ತಿದ್ದರು. ತೆಂಗಿನ ಗರಿ ಉರಿಸಿ ತಮಟೆ ಕಾಯಿಸುವಾಗ ನಾವು ಮಕ್ಕಳೆಲ್ಲ ಸುತ್ತ ಕೂರುತ್ತಿದ್ದೆವು. ತುಂತುರು ಹನಿಯಿತೆಂದರೆ ಪಂಚೆಯೊಳಗೆ ತಮಟೆ ಮುಚ್ಚಿಕೊಂಡು ಓಡುತ್ತಿದ್ದರು, ತಾವು ನೆನೆದರೂ ಪರವಾಗಿಲ್ಲ ಅಂತ. ಇಷ್ಟೆಲ್ಲ ನೆನಪಿದೆ, ಅವರ ಹೆಸರು ಗೊತ್ತಾದದ್ದು ಅವರು ತೀರಿಕೊಂಡ ಮೇಲೆ.

ಮೊಮ್ಮಗನದು ಬೇರೆ ತರಹ. ಹಾಸನದಲ್ಲಿ ತಂಡ ಕಟ್ಟಿಕೊಂಡಿದ್ದಾನೆ. ಮದುವೆ, ಗಣಪತಿ ಮೆರವಣಿಗೆ, ಬೆಂಗಳೂರಿನ ಕಾರ್ಯಕ್ರಮ. ಫೈಬರ್ ತಮಟೆ, ಕಾಯಿಸುವ ರಗಳೆ ಇಲ್ಲ, ಮಳೆಗೂ ಜಗ್ಗುವುದಿಲ್ಲ. (ನಾದ ಅಷ್ಟಿಲ್ಲ ಎಂದರೆ ನಗುತ್ತಾನೆ: “ನೆನೆಯೋದು ನಾವಲ್ವಾ ಅಣ್ಣ.”) ಬುದ್ಧಿ ಹೋಗಿ ಅಣ್ಣ ಆಗಿದ್ದೇನೆ, ನನಗೆ ಸಿಕ್ಕ ಬಡ್ತಿ ಅದು. ತಮಟೆಯ ಮುಖದ ಮೇಲೆ ಕೆಂಪು ಪೇಂಟಿನಲ್ಲಿ ತನ್ನ ಹೆಸರು, ತಂಡದ ಹೆಸರು, ಫೋನ್ ನಂಬರು ಬರೆಸಿದ್ದಾನೆ. ದಾಸೋಜನಿಗೆ ಫೋನ್ ಇರಲಿಲ್ಲ, ಇದ್ದಿದ್ದರೆ ಅವನೂ ಕೆತ್ತುತ್ತಿದ್ದನೇನೋ.

ಈ ಸಲ ಕರಪತ್ರದ ಕರಡು ಗುಂಪಿಗೆ ಬಂದಾಗ ನಾನು ಧೈರ್ಯ ಮಾಡಿ ಬರೆದೆ, ತಮಟೆ ತಂಡದ ಆರು ಜನರ ಹೆಸರೂ ಹಾಕಿಸಿ, ಆ ಖರ್ಚು ನನ್ನದು ಅಂತ. ಎರಡು ದಿನ ಯಾರೂ ಮಾತಾಡಲಿಲ್ಲ. ಮೂರನೇ ದಿನ ಚಿಕ್ಕಪ್ಪ ಫೋನ್ ಮಾಡಿದರು. “ಜಾಗ ಸಾಲಲ್ಲ ಕಣೋ. ಅವರಿಗೆ ದುಡ್ಡು ಕೊಡ್ತೀವಲ್ಲ. ನೀನು ಅಲ್ಲಿದ್ದುಕೊಂಡು ಇದಕ್ಕೆಲ್ಲ ಯಾಕೆ ತಲೆ ಹಾಕ್ತೀಯ?” ನಾನು ಸರಿ ಚಿಕ್ಕಪ್ಪ ಅಂದೆ. ಇನ್ನೇನೂ ಹೇಳಲಿಲ್ಲ. ವಂತಿಗೆಯನ್ನೂ ಕಳಿಸಿದೆ.

ಅಚ್ಚಾದ ಕರಪತ್ರ ಮೊನ್ನೆ ಬಂತು. ತಮಟೆ ವಾದ್ಯ ಇರುತ್ತದೆ. ಅದರ ಮೇಲಿನ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ, ನನ್ನ ಹೆಸರು, ಮುಂದೆ ಇಂಜಿನಿಯರ್, ಚೆನ್ನೈ.