30 ಸಾವಿರದ ಸೀರೆ, 64 ಸಾವಿರದ ಲೆಕ್ಕ

ಧಾರೆ ಸೀರೆಗೆ ಎಷ್ಟು ಇಟ್ಟರೆ ಸಾಕು? ತುಳುವರ ಆಟಿ ತಿಂಗಳು ಮುಗಿದು ಚೌತಿ ಹತ್ತಿರ ಬರುವಾಗ ನಮ್ಮ ಉಡುಪಿ ಕಡೆ ಮನೆ ಮನೆಯಲ್ಲಿ ಈ ಪ್ರಶ್ನೆ ಶುರುವಾಗುತ್ತದೆ. ಆಫೀಸಿನ ಹುಡುಗಿಯರು, ಅವರ ಅಮ್ಮಂದಿರು, ನೆಂಟರು, ಎಲ್ಲರೂ ನನ್ನನ್ನು ಕೇಳುತ್ತಾರೆ. ನಾನು ಸಹಕಾರಿ ಸಂಘವೊಂದರಲ್ಲಿ ಸಾಲದ ಕೌಂಟರಿನಲ್ಲಿ ಕೂರುವವಳು, ಹಾಗಾಗಿ ಲೆಕ್ಕ ಚೆನ್ನಾಗಿ ಗೊತ್ತು ಅಂತ ಅವರ ನಂಬಿಕೆ. ಮತ್ತೆ ಕುಟುಂಬದಲ್ಲಿ ಯಾರದ್ದೇ ಮದುವೆಯಾದರೂ ಜವಳಿ ತೆಗೆಯಲು ನನ್ನನ್ನು ಎಳೆದುಕೊಂಡು ಹೋಗುವುದೂ ಉಂಟು. ಅದಕ್ಕೆ ಇಲ್ಲಿ ಒಮ್ಮೆ ಉದ್ದಕ್ಕೆ ಬರೆದು ಹಾಕುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಬರೀ ಸೀರೆಗೆ ಬಜೆಟ್ ಮಾಡಿ ಪ್ರಯೋಜನ ಇಲ್ಲ ಮಾರಾಯ್ರೆ. ಹುಡುಗಿ ಮಂಟಪದಲ್ಲಿ ನಿಲ್ಲುವಾಗ ಚಿನ್ನ ಬಿಟ್ಟು ತಲೆಯಿಂದ ಕಾಲಿನವರೆಗೆ ಅವಳ ಮೇಲೆ ಏನೇನು ಉಂಟೋ ಅಷ್ಟಕ್ಕೂ ಸೇರಿಸಿ ಒಂದೇ ಮೊತ್ತ ಇಡಿ. ಅದರಲ್ಲಿ ಅರ್ಧ ಬಟ್ಟೆಗೆ. ಉಳಿದ ಅರ್ಧವನ್ನು ಅಂಗಡಿ ಮೆಟ್ಟಿಲು ಹತ್ತುವ ಮೊದಲೇ ಬೇರೆ ತೆಗೆದಿಡಿ, ಸೀರೆಗೆ ಅಂತ ಅದನ್ನು ಮುಟ್ಟಬಾರದು.

ಚಿಕ್ಕಮ್ಮನ ಮಗಳದ್ದೇ ಲೆಕ್ಕ ಹೇಳುತ್ತೇನೆ, ಬರೆಯಲು ಅವಳ ಒಪ್ಪಿಗೆ ಉಂಟು. ಧಾರೆ ಸೀರೆ 30 ಸಾವಿರ. ಬಜೆಟ್ ಒಳಗೆ ಆಯ್ತು ಅಂತ ಎಲ್ಲರಿಗೂ ಖುಷಿ, ಗಡ್‌ಬಡ್ ಐಸ್‌ಕ್ರೀಮ್ ತಿಂದದ್ದೂ ಆಯ್ತು. ಆಮೇಲೆ ಬ್ಲೌಸಿಗೆ ಹೊಲಿಗೆ, ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಸೇರಿ 8 ಸಾವಿರ. ಫಾಲ್, ಪಿಕೋ, ಸೆರಗಿಗೆ ಕುಚ್ಚು, ಒಳಲಂಗ ಅಂತ ಒಂದೂವರೆ ಸಾವಿರ. ಸೀರೆಗೆ ಮೊದಲೇ ನೆರಿಗೆ ಹಿಡಿದು ಇಸ್ತ್ರಿ ಹಾಕಿ ಬಾಕ್ಸ್ ಥರ ಮಡಚಿ ಕೊಡುವವರಿಗೆ 700. ಬಳೆ, ಚಪ್ಪಲಿ 2,500. ಮಲ್ಲಿಗೆ, ಜಡೆ 3 ಸಾವಿರ. ಮೇಕಪ್ 18 ಸಾವಿರ. ಕೂಡಿಸಿ ನೋಡಿ, 63,700. ಇದರಲ್ಲಿ ದುಂದು ಅನ್ನುವಂಥದ್ದು ಒಂದೂ ಇಲ್ಲ. ನಮ್ಮ ಹುಡುಗಿ ಶೋಕಿ ಮಾಡುವವಳೂ ಅಲ್ಲ. ಮೇಕಪ್‌ನವರು ಅಮ್ಮನಿಗೆ, ಅಕ್ಕನಿಗೆ ತಲೆಗೆ ಇಷ್ಟು ಅಂತ ಬೇರೆ ಹಾಕುತ್ತಾರೆ, ಬೆಳಿಗ್ಗೆ ನಾಲ್ಕಕ್ಕೆ ಬರಬೇಕಾದರೆ ಅದಕ್ಕೆ ಬೇರೆ, ಕಾರ್ಕಳದಿಂದ ಬರುವವರಾದರೆ ಗಾಡಿ ಖರ್ಚು ಬೇರೆ. ಅದನ್ನೆಲ್ಲ ನಾನು ಇಲ್ಲಿ ಸೇರಿಸಿಯೇ ಇಲ್ಲ.

ಇದು ಒಂದು ಉಡುಪಿನ ಕಥೆ. ಈಗ ಮದರಂಗಿಗೆ ಒಂದು, ರಿಸೆಪ್ಶನ್‌ಗೆ ಒಂದು, ಗಂಡಿನ ಮನೆಯ ಔತಣಕ್ಕೆ ಒಂದು ಅಂತ ಉಂಟಲ್ವಾ, ಪ್ರತಿಯೊಂದಕ್ಕೂ ಅದರದ್ದೇ ಬ್ಲೌಸ್, ಅದರದ್ದೇ ಆಭರಣದ ಸೆಟ್, ಅದರದ್ದೇ ಮೇಕಪ್. ಹಾಗಾಗಿ ಖರ್ಚು ಕಡಿಮೆ ಮಾಡಬೇಕು ಅಂತಿದ್ದರೆ ಅಗ್ಗದ ಸೀರೆ ಹುಡುಕುವುದಕ್ಕಿಂತ ಎಷ್ಟು ಸಲ ಉಡುಪು ಬದಲಾಯಿಸುತ್ತೀರಿ ಅನ್ನುವುದನ್ನು ಮೊದಲು ನೋಡಿ. ಸೀರೆಯಲ್ಲಿ ಐದು ಸಾವಿರ ಉಳಿಸಲು ಮಂಗಳೂರಿನ ಹಂಪನಕಟ್ಟೆಯಿಂದ ರಥಬೀದಿ, ಅಲ್ಲಿಂದ ಮತ್ತೆ ಉಡುಪಿ ಅಂತ ಸುತ್ತುವವರು ಮದರಂಗಿ ರಾತ್ರಿಯ ಲೆಹೆಂಗಾಕ್ಕೆ ಒಂದು ಮಾತೂ ಆಡದೆ ದುಡ್ಡು ಕೊಟ್ಟು ಬರುತ್ತಾರೆ. ಮದರಂಗಿ ಹಚ್ಚಿದ ಕೈ ಒಣಗುವವರೆಗೆ ಹುಡುಗಿ ಎರಡೂ ಕೈ ಚಾಚಿಕೊಂಡು ಕೂತಿರಬೇಕು. ಮೇಲೆ ಹಸಿರು ಪೇಸ್ಟ್ ಬಿದ್ದರೆ ಕಲೆ ಹೋಗುವುದಿಲ್ಲ. ಅದಕ್ಕೆ 15 ಸಾವಿರದ ಬಟ್ಟೆ ಎಂತಕ್ಕೆ? ಮನೆಯಲ್ಲಿ ಇರುವ ಒಳ್ಳೆಯ ಚೂಡಿದಾರ ಸಾಕು.

ಇನ್ನು ಬ್ಲೌಸ್. ಇಲ್ಲಿ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ಜನ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇದರಲ್ಲೇ. ಆರಿ ವರ್ಕ್ ಮಾಡುವವರ ಹತ್ತಿರ ಒಮ್ಮೆ ಕೂತು ನೋಡಿ. ಬ್ಲೌಸ್ ಪೀಸನ್ನು ಅವರು ಮೊದಲು ಕತ್ತರಿಸುವುದಿಲ್ಲ. ಇಡೀ ತುಂಡನ್ನು ಮರದ ಚೌಕಟ್ಟಿಗೆ ಬಿಗಿಯಾಗಿ ಕಟ್ಟುತ್ತಾರೆ. ಕುತ್ತಿಗೆ ಎಲ್ಲಿ ಬರುತ್ತದೆ, ತೋಳಿನ ಅಂಚು ಎಲ್ಲಿ ಬರುತ್ತದೆ ಅಂತ ಅದರ ಮೇಲೆ ಗೆರೆ ಇರುತ್ತದೆ. ತುದಿಯಲ್ಲಿ ಸಣ್ಣ ಕೊಕ್ಕೆ ಇರುವ ಸೂಜಿ ಮೇಲಿನಿಂದ ಇಳಿಯುತ್ತದೆ, ಕೆಳಗೆ ಇರುವ ಇನ್ನೊಂದು ಕೈ ನೂಲು ಕೊಡುತ್ತದೆ, ಸೂಜಿ ಅದನ್ನು ಸಿಕ್ಕಿಸಿಕೊಂಡು ಮೇಲೆ ಬರುತ್ತದೆ. ಒಂದೊಂದು ಮಣಿ ಕೂರಿಸುವುದೂ ಹೀಗೆಯೇ. ಕೆಲಸ ಪೂರ್ತಿ ಮುಗಿದ ಮೇಲೆ ಕತ್ತರಿ, ಆಮೇಲೆ ಹೊಲಿಗೆ. ಇದಕ್ಕೆ ವಾರಗಟ್ಟಲೆ ಹಿಡಿಯುವುದು ಯಾಕೆ ಅಂತ ಆಗ ಗೊತ್ತಾಗುತ್ತದೆ. ಅವರ ಹತ್ತಿರ ಚೌಕಾಸಿ ಮಾಡಬೇಡಿ. ದುಡ್ಡು ಉಳಿಸಬೇಕಾದರೆ ಡಿಸೈನ್ ಕಡಿಮೆ ಮಾಡಿಸಿ.

ಎಲ್ಲಿ ಕಡಿಮೆ ಮಾಡುವುದು? ಬೆನ್ನಿಗೆ. ಎಲ್ಲರೂ ಬೆನ್ನಿನ ಮೇಲೆ ನವಿಲು, ಪಲ್ಲಕ್ಕಿ, ಗೋಪುರ ಅಂತ ತುಂಬಿಸುತ್ತಾರೆ. ಮದುವೆ ದಿನ ಅದರ ಮೇಲೆ ಮೊಗ್ಗಿನ ಜಡೆ ಇಳಿಯುತ್ತದೆ, ಒಂದು ನವಿಲೂ ಕಾಣುವುದಿಲ್ಲ. ಎಡ ತೋಳಿನ ಅರ್ಧ ಭಾಗ ಸೆರಗಿನ ಅಡಿಗೆ ಹೋಗುತ್ತದೆ. ಫೋಟೋದಲ್ಲಿ ಬರುವುದು ಎರಡು ತೋಳಿನ ಅಂಚು, ಮುಂದಿನ ಕುತ್ತಿಗೆ, ಅಷ್ಟೇ. ಅಲ್ಲಿಗೆ ಕೆಲಸ ಮಾಡಿಸಿ, ಬೆನ್ನಿಗೆ ಬರೀ ಒಂದು ಬಾರ್ಡರ್ ಸಾಕು. ಇಷ್ಟರಲ್ಲೇ ಮೂರು ನಾಲ್ಕು ಸಾವಿರ ಕಡಿಮೆಯಾಗುತ್ತದೆ. ಮತ್ತೆ ಅಳತೆ ಕೊಟ್ಟು ಬಂದ ಮೇಲೆ ಡಯಟ್ ಶುರು ಮಾಡುವ ಹುಡುಗಿಯರೇ, ದಯವಿಟ್ಟು ಮೊದಲು ಡಯಟ್ ಮುಗಿಸಿ, ಆಮೇಲೆ ಅಳತೆ ಕೊಡಿ. ಒಳಗೆ ಎರಡೂ ಬದಿ ಒಂದೊಂದು ಇಂಚು ಬಟ್ಟೆ ಬಿಟ್ಟು ಹೊಲಿಯಲು ಹೇಳಿದರೆ ಆ ಬ್ಲೌಸ್ ಮುಂದೆ ತಂಗಿಯ ಮದುವೆಗೂ ಬರುತ್ತದೆ, ಸೀಮಂತಕ್ಕೂ ಬರುತ್ತದೆ.

ಸೀರೆಯ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ವಿಚಿತ್ರ ಅನಿಸಬಹುದು. ಎಲ್ಲದರಲ್ಲೂ ಕೈ ಬಿಗಿ ಹಿಡಿಯಿರಿ, ಆದರೆ ಧಾರೆ ಸೀರೆಯಲ್ಲಿ ಹಿಡಿಯಬೇಡಿ. ಮದುವೆಯ ಬಟ್ಟೆಗಳಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೂ ಉಡಲು ಆಗುವುದು ಅದೊಂದೇ. ಆದರೆ ಏನು ಕೊಳ್ಳುತ್ತಿದ್ದೀರಿ ಅಂತ ಗೊತ್ತಿರಲಿ. ರೇಷ್ಮೆ ಸೀರೆಗೆ ಎರಡು ಬೆಲೆ ಉಂಟು, ರೇಷ್ಮೆಯದ್ದು ಒಂದು, ಝರಿಯದ್ದು ಒಂದು. ಅಸಲಿ ಝರಿ ಅಂದರೆ ರೇಷ್ಮೆ ನೂಲಿಗೆ ತೆಳ್ಳಗಿನ ಬೆಳ್ಳಿ ತಂತಿ ಸುತ್ತಿ ಅದಕ್ಕೆ ಚಿನ್ನದ ಲೇಪ ಕೊಟ್ಟದ್ದು. 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆ ಉಂಟಲ್ಲ, ಅದನ್ನು ಈಗ ನಡೆಸುವ ರಾಜ್ಯ ಸರಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯವರು ತಮ್ಮ ಝರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇದೆ ಅಂತ ಹೇಳುತ್ತಾರೆ. ಬೆಳ್ಳಿ ಕಿಲೋಗೆ ಲಕ್ಷ ದಾಟಿದ ಮೇಲೆ ಇಂಥ ಸೀರೆಗಳ ಬೆಲೆ ಏರಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ಹಾಫ್ ಫೈನ್ ಅನ್ನುವುದರಲ್ಲಿ ಒಳಗೆ ತಾಮ್ರ, ಮೇಲೆ ಬೆಳ್ಳಿಯ ಲೇಪ. ನೋಡಲು ಎರಡೂ ಒಂದೇ ಥರ. ನಮ್ಮ ಕರಾವಳಿಯ ಬೆವರು, ತೇವಕ್ಕೆ ಮಾತ್ರ ತಾಮ್ರದ್ದು ಬೇಗ ಕಪ್ಪಾಗುತ್ತದೆ.

"ಸಿಲ್ಕ್ ಮಾರ್ಕ್ ಉಂಟಲ್ಲ, ಮತ್ತೆಂತ?" ಅಂತ ಕೇಳುತ್ತಾರೆ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಆ ಗುರುತು ಬಟ್ಟೆ ಶುದ್ಧ ರೇಷ್ಮೆ ಅಂತ ಹೇಳುತ್ತದೆ ಅಷ್ಟೇ. ಝರಿ ಅಸಲಿಯೋ ಅಲ್ಲವೋ ಅನ್ನುವುದು ಅದರ ಕೆಲಸ ಅಲ್ಲ. ಅಸಲಿ ಝರಿ ಅಂತ ಬಾಯಲ್ಲಿ ಹೇಳಿ ದುಡ್ಡು ತೆಗೆದುಕೊಳ್ಳುವವರ ಹತ್ತಿರ "ಬಿಲ್ಲಿನಲ್ಲೂ ಹಾಗೇ ಬರೆದುಕೊಡಿ" ಅಂತ ಕೇಳಿ. ಮುಖ ನೋಡಿದರೇ ಗೊತ್ತಾಗುತ್ತದೆ. ಬಿಲ್ಲು ಅಂದಾಗ ನೆನಪಾಯ್ತು. ಮಾರಿದ ಮಾಲು ವಾಪಸ್ ಇಲ್ಲ ಅಂತ ಬೋರ್ಡ್ ಇದ್ದರೂ ದೋಷ ಇರುವ ಮಾಲಿಗೆ ಅದು ನಡೆಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ 30 ದಿನದ ಒಳಗೆ ದೋಷದ ಮಾಲು ವಾಪಸ್ ತೆಗೆದುಕೊಳ್ಳಬೇಕು. ಬಣ್ಣ ಇಷ್ಟ ಆಗಲಿಲ್ಲ, ಅತ್ತಿಗೆ ಚೆನ್ನಾಗಿಲ್ಲ ಅಂದಳು, ಇದೆಲ್ಲ ದೋಷ ಅಲ್ಲ ಮತ್ತೆ.

ಲೆಹೆಂಗಾ, ಗೌನ್ ಕೊಳ್ಳುವವರು ಇನ್ನೊಂದು ವಿಷಯ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಹೊಲಿದ ಸಿದ್ಧ ಉಡುಪಿಗೆ 2,500 ರೂಪಾಯಿವರೆಗೆ ಶೇ. 5 ಜಿಎಸ್‌ಟಿ, ಅದಕ್ಕಿಂತ ಮೇಲೆ ಶೇ. 18. ಸೀರೆ ಬಟ್ಟೆಯ ಲೆಕ್ಕಕ್ಕೆ ಬರುವುದರಿಂದ ಶೇ. 5 ಮಾತ್ರ. ಅಂದರೆ 40 ಸಾವಿರದ ಸೀರೆಗೆ ತೆರಿಗೆ 2 ಸಾವಿರ, ಅದೇ 40 ಸಾವಿರದ ರೆಡಿಮೇಡ್ ಲೆಹೆಂಗಾಕ್ಕೆ 7,200. ಚೀಟಿಯಲ್ಲಿ ಇರುವ ಬೆಲೆ ತೆರಿಗೆ ಸೇರಿಯಾ, ಬಿಟ್ಟಾ ಅಂತ ಟ್ರಯಲ್ ರೂಮಿಗೆ ಹೋಗುವ ಮೊದಲೇ ಕೇಳಿ. ಹಾಕಿ ಕನ್ನಡಿ ನೋಡಿದ ಮೇಲೆ ಕೇಳಿ ಉಪಯೋಗ ಇಲ್ಲ, ಆಗ ಬೇಡ ಅನ್ನಲು ಮನಸ್ಸು ಬರುವುದಿಲ್ಲ.

ನನ್ನನ್ನು ಕೇಳಿದರೆ ರಿಸೆಪ್ಶನ್ ಉಡುಪು ಬಾಡಿಗೆಗೆ ತನ್ನಿ. ಈಗ ಮಂಗಳೂರಿನಲ್ಲಿ ಲೆಹೆಂಗಾ, ಗೌನ್, ಸೆಟ್, ಗಂಡಿನ ಶೇರ್ವಾನಿ ಎಲ್ಲ ಬಾಡಿಗೆಗೆ ಸಿಗುತ್ತದೆ. ಡೆಪಾಸಿಟ್ ಎಷ್ಟು, ಯಾವಾಗ ವಾಪಸ್, ಡ್ರೈಕ್ಲೀನಿಂಗ್ ಯಾರದ್ದು, ಸಾರು ಚೆಲ್ಲಿದರೆ ಎಷ್ಟು ಹಿಡಿಯುತ್ತಾರೆ, ಇಷ್ಟನ್ನು ಬರೆಸಿಕೊಂಡರೆ ಆಯ್ತು. ನಾಲ್ಕು ಗಂಟೆ ಹಾಕಿ ಆಮೇಲೆ ಕಪಾಟಿನ ಅರ್ಧ ಜಾಗ ತಿನ್ನುವ ಬಟ್ಟೆ ಅದು. ಕ್ಯಾಥೊಲಿಕ್ ಗೆಳತಿಯರದ್ದು ಸ್ವಲ್ಪ ಬೇರೆ, ಅವರಿಗೆ ಚರ್ಚಿನ ಬಿಳಿ ಗೌನೇ ಮುಖ್ಯ, ಆಮೇಲೆ ಗಂಡಿನ ಕಡೆಯ ಕೆಂಪು ಸಾಡೊ, ಅಂದರೆ ಮದುವೆ ಸೀರೆ. ಅವರಲ್ಲೂ ಈಗ ಗೌನ್ ಬಾಡಿಗೆಗೆ ತಂದು ಸಾಡೊ ಮಾತ್ರ ಒಳ್ಳೆಯದು ಕೊಳ್ಳುವವರು ಇದ್ದಾರೆ. ನನಗೆ ಅದು ಸರಿ ಅನಿಸುತ್ತದೆ. ಮತ್ತೆ ಯಾವ ಜಾತಿ ಧರ್ಮದವರೇ ಆಗಲಿ, ಮೇ ತಿಂಗಳ ಮಂಗಳೂರಿನಲ್ಲಿ ವೆಲ್ವೆಟ್ ಹಾಕಬೇಡಿ. ಎಸಿ ಹಾಲ್ ಅಂತ ಧೈರ್ಯ ಮಾಡಬೇಡಿ, ಸಾವಿರ ಜನ ಒಳಗೆ ಬಂದ ಮೇಲೆ ಎಸಿಗೂ ಬೆವರು ಬರುತ್ತದೆ.

ಗಂಡಿನ ಮನೆಯವರು ಸೀರೆ ತೆಗೆದುಕೊಡುವ ಕ್ರಮ ಇರುವಲ್ಲಿ ಬೇರೆಯೇ ಬಂಙ, ಅಂದರೆ ಕಷ್ಟ. ಎರಡೂ ಮನೆಯವರು ಅಂಗಡಿಯಲ್ಲಿ ಸಾಲಾಗಿ ಕೂತಿರುತ್ತಾರೆ. ಅತ್ತೆಯಾಗುವವರು "ನಿಂಗೆ ಬೇಕಾದ್ದು ತಕ್ಕೊ ಮಗಾ, ರೇಟು ನೋಡ್ಬೇಡ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಅದು ಸೇಲ್ಸ್‌ನವರ ಕಿವಿಗೆ ಬಿದ್ದದ್ದೇ ತಡ, ಮೇಲಿನ ಕಪಾಟಿನ ಸೀರೆಗಳು ಕೆಳಗೆ ಬರುತ್ತವೆ. ಹುಡುಗಿ ಪಾಪ ಸೆರಗು ನೋಡುವ ಹಾಗೆ ಮಾಡಿ ಚೀಟಿ ನೋಡುತ್ತಾಳೆ. ತೀರಾ ಕಡಿಮೆಯದ್ದು ಆರಿಸಿದರೆ ಅವರಿಗೆ ಬೇಜಾರು, ಜಾಸ್ತಿಯದ್ದು ಆರಿಸಿದರೆ ಈಗಲೇ ಹೀಗೆ ಅನ್ನುವ ಮಾತು. ಹಿಂದಿನ ರಾತ್ರಿ ಹುಡುಗ ಒಂದು ಫೋನ್ ಮಾಡಿ "25ರಿಂದ 35ರ ಒಳಗೆ ನೋಡು" ಅಂತ ಹೇಳಿದರೆ ಇದ್ಯಾವುದೂ ಇಲ್ಲ. ದಿನಾ ಮಧ್ಯರಾತ್ರಿವರೆಗೆ ಮಾತಾಡುವವರಿಗೆ ಈ ಒಂದು ಮಾತು ಹೇಳಲು ಯಾಕೆ ಸಂಕೋಚ ಅಂತ ನನಗೆ ಅರ್ಥ ಆಗುವುದಿಲ್ಲ.

ನೆಂಟರಿಗೆ ಕೊಡುವ ಸೀರೆಗಳನ್ನು ಈ ಲೆಕ್ಕದಲ್ಲಿ ತರಲೇಬೇಡಿ, ಅದು ಬೇರೆ ಪುಸ್ತಕ. ಯಾರೂ ಉಡದ, ಒಂದು ಮದುವೆಯಿಂದ ಇನ್ನೊಂದು ಮದುವೆಗೆ ಕವರು ಬದಲಾಯಿಸಿ ಹೋಗುವ ಸೀರೆ ಅದು. ನಿಲ್ಲಿಸಿದರೆ ಎಲ್ಲರಿಗೂ ಆರಾಮ, ಆದರೆ ಮೊದಲು ನಿಲ್ಲಿಸುವವರು ಯಾರು ಅನ್ನುವುದೇ ಪ್ರಶ್ನೆ.

ಮಲ್ಲಿಗೆಗೆ ಮಾತ್ರ ನಿಗದಿ ಮೊತ್ತ ಇಡಲು ಆಗುವುದಿಲ್ಲ. ನಮ್ಮ ಶಂಕರಪುರದ ಮಲ್ಲಿಗೆಗೆ ದಿನಕ್ಕೊಂದು ದರ. ಸುಮಾರು 800 ಹೂವಿನದ್ದು ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ, ದೈವದ ನೇಮ, ದೇವಸ್ಥಾನದ ಬ್ರಹ್ಮಕಲಶ ಎಲ್ಲ ಒಟ್ಟಿಗೆ ಬಂದ ವಾರದಲ್ಲಿ ಅಟ್ಟೆಗೆ 2 ಸಾವಿರ ದಾಟಿದ್ದೂ ಉಂಟು, ಬೇಡಿಕೆ ಇಲ್ಲದ ದಿನ ಅದೇ ಅಟ್ಟೆ ಕೆಲವು ನೂರಕ್ಕೆ ಇಳಿದದ್ದೂ ಉಂಟು. ಬಂದ ಹೆಂಗಸರಿಗೆಲ್ಲ ಹೂ ಹಂಚುವ ಪದ್ಧತಿ ಇರುವವರಿಗೆ ಈ ವ್ಯತ್ಯಾಸ ದೊಡ್ಡದು. ಹಾಗಾಗಿ ಹೂವಿಗೆ ಯಾವಾಗಲೂ ಹೆಚ್ಚಿನ ದರ ಹಿಡಿದು ಲೆಕ್ಕ ಹಾಕಿ. ಹೂವಿನವರಿಗೆ ಎಷ್ಟು ಅಟ್ಟೆ ಬೇಕು ಅಂತ ಮೊದಲೇ ಹೇಳಿಡಿ. ಹಂಚಲು ಮಲ್ಲಿಗೆ ಜೊತೆ ಜಾಜಿಯೋ ಅಬ್ಬಲಿಗೆಯೋ ಸೇರಿಸಬಹುದು, ಜಡೆಗೆ ಮಾತ್ರ ಮಲ್ಲಿಗೆಯೇ ಬೇಕು. ಇದರಲ್ಲಿ ನಾನು ಲೆಕ್ಕದವಳಲ್ಲ, ಉಡುಪಿಯವಳು.

ನನ್ನ ಕೌಂಟರಿಗೆ ಮದುವೆ ಖರ್ಚು ಅಂತ ಬರೆದು ಬಳೆ ಅಡವಿಡಲು ಬರುವ ಅಮ್ಮಂದಿರಲ್ಲಿ ಎಷ್ಟೋ ಜನ ಹಾಲ್, ಊಟದ ದುಡ್ಡು ಮೊದಲೇ ಕಟ್ಟಿರುತ್ತಾರೆ. ಕಡಿಮೆ ಬೀಳುವುದು ಕೊನೆಯ ಹದಿನೈದು ದಿನದಲ್ಲಿ, ಟೈಲರ್, ಪಾರ್ಲರ್, ಹೂವು ಅಂತ ನಗದು ಕೊಡಬೇಕಾದ ಇವೇ ಖರ್ಚುಗಳಿಗೆ. ಬೇಡ ಅನ್ನುವ ಅಧಿಕಾರ ನನಗಿಲ್ಲ, ಫಾರ್ಮ್ ತುಂಬಿಸಿ ಕೊಡುತ್ತೇನೆ. ಅದಕ್ಕೇ ಬಟ್ಟೆ ಬಿಟ್ಟು ಉಳಿದ ಆ ಅರ್ಧವನ್ನು ಬೇರೆ ಖಾತೆಯಲ್ಲೇ ಇಡಿ ಅಂತ ಸಿಕ್ಕಿದವರಿಗೆಲ್ಲ ಹೇಳುವುದು.

ಮದುವೆ ಮುಗಿದ ಮೇಲೆ ಇನ್ನೊಂದು ಖರ್ಚು ಉಂಟು, ಅದು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಬೆವರು, ಅರಿಶಿನ, ಮೇಕಪ್ ಹತ್ತಿದ ಸೀರೆಯನ್ನು ಹಾಗೆಯೇ ಮಡಚಿಟ್ಟರೆ ನಮ್ಮ ಮಳೆಗಾಲ ಮುಗಿಯುವಾಗ ಬೂಷ್ಟು ಬಂದಿರುತ್ತದೆ. ಒಂದು ದಿನ ನೆರಳಲ್ಲಿ ಗಾಳಿಗೆ ಹಾಕಿ, ಡ್ರೈಕ್ಲೀನ್ ಮಾಡಿಸಿ, ಅಪ್ಪನ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ, ನುಸಿ ಗುಳಿಗೆ ಝರಿಗೆ ತಾಗಬಾರದು, ಆಗಾಗ ಮಡಿಕೆ ಬದಲಾಯಿಸಬೇಕು. ಬ್ಲೌಸ್ ಕೊಡುವಾಗ ಮಾತ್ರ ಮಣಿ ಕೆಲಸ ಉಂಟು ಅಂತ ತೋರಿಸಿ ಕೇಳಿ ಕೊಡಿ. ಕೆಲವು ಮಣಿ, ಚಮಕಿಗಳು ಡ್ರೈಕ್ಲೀನಿಂಗ್ ದ್ರವಕ್ಕೆ ಬಣ್ಣ ಬಿಡುತ್ತವೆ.