ಎಣ್ಣೆ ಸೋರುವ ಕಾರು, ಇಬ್ಬರು ಮೇಸ್ತ್ರಿಗಳು

ನಮ್ಮ ಕಾರು ನಿಲ್ಲುವ ಜಾಗದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ದೊಡ್ಡ ಕಪ್ಪು ಕಲೆ ಬಿದ್ದಿತ್ತು. ಅದನ್ನು ಮೊದಲು ನೋಡಿದ್ದು ನಾನಲ್ಲ, ಮೂರನೇ ಮಹಡಿಯ ಅಜ್ಜಿ. ಆ ವಾರದ ‘ಕೇರ್‌ವೋಖೆ’ ಅವರದ್ದು. ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಲಿನ ಈ ಸ್ವಾಬಿಯಾ ಸೀಮೆಯಲ್ಲಿ ಮೆಟ್ಟಿಲು, ಅಂಗಳ ಗುಡಿಸಲು ಮನೆಮನೆಗೆ ಸರದಿ ಇರುತ್ತದೆ. ಪುಟ್ಟದೊಂದು ಬೋರ್ಡು ನಿಮ್ಮ ಬಾಗಿಲಿಗೆ ಬಂದು ನೇತುಬಿದ್ದರೆ ಆ ವಾರ ಪೊರಕೆ ನಿಮ್ಮದು. ಅಜ್ಜಿ ಪೊರಕೆ ಊರಿಕೊಂಡು ನಿಂತು ಕಲೆ ತೋರಿಸಿದರು. ಆಮೇಲೆ ನಾಲ್ಕು ಮಾರು ಆಚೆಗಿದ್ದ ಮಳೆನೀರಿನ ಜಾಲರಿ ತೋರಿಸಿದರು. ಮಾತು ಅಷ್ಟೇ. ಆ ಚಳಿಯಲ್ಲೂ ನಾನು ಬೆವತುಬಿಟ್ಟೆ.

ಶಿವಮೊಗ್ಗದ ನಮ್ಮ ಮನೆಯ ಶೆಡ್ಡಿನಲ್ಲೂ ಇಂಥ ಕಲೆ ಇತ್ತು. ನಾಣ್ಯದಷ್ಟಲ್ಲ, ಊಟದ ತಟ್ಟೆಯಷ್ಟು. ಅಪ್ಪನ ಕಾರು ವರ್ಷಗಟ್ಟಲೆ ಅಲ್ಲೇ ನಿಂತು ಅಲ್ಲೇ ಹನಿಸುತ್ತಿತ್ತು. ಅಮ್ಮ ಆಗಾಗ ಮರದ ಹೊಟ್ಟು ಎರಚುತ್ತಿದ್ದಳು. ಅಪ್ಪ ಡಿಕ್ಕಿಯಲ್ಲಿ ಒಂದು ಲೀಟರ್ ಡಬ್ಬಿ ಇಟ್ಟುಕೊಂಡು, ಡಿಪ್‌ಸ್ಟಿಕ್ ನೋಡಿ ತುಂಬಿಸುತ್ತಿದ್ದರು. ಕಾರು ಓಡುತ್ತಿತ್ತಲ್ಲ, ಇನ್ನೇನು ಬೇಕು? ಸೋರಿದ ಎಣ್ಣೆ ನಮ್ಮ ಖರ್ಚು, ಬೇರೆ ಯಾರ ತಂಟೆಯೂ ಅಲ್ಲ.

ಇಲ್ಲಿ ಅಜ್ಜಿಗಿಂತ ದೊಡ್ಡ ಹೆದರಿಕೆ ಎಂದರೆ ಕಾರಿನ ತಪಾಸಣೆ. ಜನ ಅದನ್ನು ಟ್ಯೂಫ್ ಎಂದೇ ಕರೆಯುತ್ತಾರೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಪಾಸಾದರೆ ಹಿಂದಿನ ನಂಬರ್ ಪ್ಲೇಟಿಗೆ ದುಂಡನೆಯ ಸ್ಟಿಕ್ಕರ್. ಎಂಜಿನ್ ಎಣ್ಣೆಯಿಂದ ಸುಮ್ನೆ ಒದ್ದೆಯಾಗಿದ್ದರೆ ಒಂದು ಸಾಲು ಬರೆದು ಬಿಡಬಹುದು. ಹನಿ ಬೀಳುತ್ತಿದ್ದರೆ ಸ್ಟಿಕ್ಕರ್ ಇಲ್ಲ, ಒಂದು ತಿಂಗಳೊಳಗೆ ಸರಿಮಾಡಿ ಮತ್ತೆ ತೋರಿಸಬೇಕು. ನಮ್ಮಲ್ಲಿ ಸ್ವಂತ ಕಾರಿಗೆ ಫಿಟ್‌ನೆಸ್ ಪ್ರಶ್ನೆ ಬರುವುದು 15 ವರ್ಷ ಆದಮೇಲೆ. ಅಲ್ಲಿಯವರೆಗೆ ಹೊಗೆ ತಪಾಸಣೆ ಚೀಟಿ ಇದ್ದರೆ ಆಯಿತು. ಕೆಳಗೆ ಬಗ್ಗಿ ನೋಡುವವರು ಯಾರೂ ಇಲ್ಲ.

ನನ್ನದು 14 ವರ್ಷದ ಪೆಟ್ರೋಲ್ ಕಾರು. ಯಾವ ಕಂಪನಿ ಎಂಬುದು ಬೇಡ. ಅಷ್ಟು ವರ್ಷ ಬಿಸಿ ತಿಂದ, ಎಣ್ಣೆ ತಡೆಯುವ ರಬ್ಬರು ಯಾರದಾದರೂ ಗಟ್ಟಿಯಾಗುತ್ತದೆ. ಹತ್ತಿರದ ಗ್ಯಾರೇಜಿಗೆ ಹೋದೆ. ಅರ್ಧ ಗಂಟೆ ಬಿಟ್ಟು ಕರೆದು, ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರನ್ನೇ ಪೂರ್ತಿ ಬದಲಾಯಿಸಬೇಕು, 640 ಯೂರೋ ಆಗುತ್ತದೆ ಎಂದರು. ‘ಎಲ್ಲಿ ಸೋರ್ತಿದೆ, ಸ್ವಲ್ಪ ನೋಡಬಹುದಾ?’ ಎಂದು ಕೇಳಿದೆ. ಆಗಲ್ಲ, ವಿಮೆ ಒಪ್ಪಲ್ಲ, ಗಿರಾಕಿಗಳು ಹಳದಿ ಗೆರೆ ದಾಟುವಂತಿಲ್ಲ. ಅಲ್ಲಿ ಕಾಫಿ ಯಂತ್ರ ಇದೆ, ಕುಳಿತುಕೊಳ್ಳಿ.

ದುಡ್ಡಿಗಿಂತ ಜಾಸ್ತಿ ಆ ಗೆರೆ ನನ್ನನ್ನು ಕೆರಳಿಸಿತು. ಯಾಕೆಂದರೆ ಎಂಜಿನ್ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅಂಥ ಗೆರೆ ಇಲ್ಲದ ಕಡೆ ಸಿಕ್ಕಿದ್ದು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಅಪ್ಪನ ಕಾರು ನೋಡುತ್ತಿದ್ದವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಹಿಂದೆ ಬಸ್ಸಿನ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದವರು, ಹೆಸರು ಹಾಗೇ ಉಳಿದುಕೊಂಡಿತ್ತು. ಶನಿವಾರ ಸ್ಕೂಲು ಬಿಟ್ಟ ಮೇಲೆ ನಾನು ಅವರ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಕೂತವನಿಗೆ ಕೆಲಸ ತಪ್ಪಿದ್ದಲ್ಲ. ಬ್ಯಾಟರಿ ಲೈಟ್ ಹಿಡಿ. ಹತ್ತು-ಹನ್ನೊಂದು ಸ್ಪ್ಯಾನರ್ ಕೊಡು. ಎರಡು ಟೀ ಹೇಳಿ ಬಾ.

ಎರಡು ಭಾಗಗಳ ನಡುವೆ ಎಣ್ಣೆ ಸೋರದಂತೆ ಇಡುವ ಗ್ಯಾಸ್ಕೆಟ್‌ಗೆ ಅವರು ಪ್ಯಾಕಿಂಗ್ ಎನ್ನುತ್ತಿದ್ದರು. ಅಂಗಡಿಯಲ್ಲಿ ಸಿಗದಿದ್ದರೆ ತಾವೇ ಮಾಡುತ್ತಿದ್ದರು. ಪ್ಯಾಕಿಂಗ್ ಶೀಟನ್ನು ಕವರಿನ ಮೇಲೆ ಹಾಸಿ, ಗುಂಡು ತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕ್ ಟಕ್ ಎಂದು ಮೆಲ್ಲಗೆ ಬಡಿಯುವುದು. ಕಬ್ಬಿಣದ ಅಂಚೇ ಕತ್ತರಿಯ ಕೆಲಸ ಮಾಡುತ್ತದೆ. ಬೋಲ್ಟಿನ ತೂತಿಗೆ ಹಳೇ ಬೇರಿಂಗಿನ ಒಂದು ಗುಂಡು ಇಟ್ಟು ಒಂದೇ ಏಟು. ಹತ್ತು ನಿಮಿಷದಲ್ಲಿ ಎಂಜಿನ್ನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಪ್ಯಾಕಿಂಗ್ ರೆಡಿ. ಅದಕ್ಕೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿದರೆ ಮುಗಿಯಿತು. ಆ ಟಕ್ ಟಕ್ ಸದ್ದು ನನಗೆ ಈಗಲೂ ಕೇಳಿಸುತ್ತದೆ.

640 ಯೂರೋ ಬೇಡ, ನಾನೇ ಮಾಡುತ್ತೇನೆ ಎಂದು ಮನೆಗೆ ಬಂದೆ.

ಸೋರಿಕೆ ಹುಡುಕುವಾಗ ಹನಿ ಬೀಳುವ ಜಾಗ ನೋಡಿದರೆ ಮೋಸ ಹೋಗುತ್ತೀರಿ. ಎಣ್ಣೆ ಮೇಲಿಂದ ಇಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎಣ್ಣೆ ನಿಲ್ಲುವ ಕೆಳಗಿನ ಚೇಂಬರ್ ಒದ್ದೆಯಾಗಿದೆ ಎಂದು ಚೇಂಬರ್ ಬಿಚ್ಚಿದವರು ಎಷ್ಟು ಜನವೋ. ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವ ಜಾಗ ಯಾವುದು ಎಂದು ನೋಡಬೇಕು. ಬ್ರೇಕ್ ಕ್ಲೀನರ್ ಹೊಡೆದು ಒರೆಸಿದೆ. ಒಣಗಿದ ಮೇಲೆ ಮಗಳ ಟಾಲ್ಕಂ ಪೌಡರ್ ಉದುರಿಸಿದೆ. ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಬಾನೆಟ್ ಎತ್ತಿದರೆ, ಬಿಳಿ ಪೌಡರಿನ ಮೇಲೆ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಕಂದು ಗೆರೆಯೊಂದು ನೀಟಾಗಿ ಇಳಿದಿತ್ತು. ಅಲ್ಲಿಂದ ಅದು ಸೈಲೆನ್ಸರಿನ ಬಿಸಿ ಪೈಪಿನ ಹತ್ತಿರಕ್ಕೇ ಹೋಗುತ್ತಿತ್ತು. ಸಿಗ್ನಲ್‌ನಲ್ಲಿ ನಿಂತಾಗ ಬರುತ್ತಿದ್ದ ಕರಟು ವಾಸನೆ ಅದೇ. ಇದನ್ನು ಮಾತ್ರ ಯಾವ ದೇಶದಲ್ಲೂ ‘ಇರಲಿ ಬಿಡು’ ಎನ್ನಬಾರದು, ಬೆಂಕಿ ಹತ್ತಬಹುದು.

ಗ್ಯಾಸ್ಕೆಟ್ ಸೆಟ್ಟಿಗೆ 19 ಯೂರೋ. ಶನಿವಾರ ಬೆಳಿಗ್ಗೆ ಕಾರಿನ ಕೆಳಗೆ ದೊಡ್ಡ ರಟ್ಟು ಹಾಸಿ ಕೆಲಸ ಶುರು ಮಾಡಿದೆ. ಭಾನುವಾರ ಇಲ್ಲಿ ಸುತ್ತಿಗೆ ಸದ್ದು ಮಾಡುವಂತಿಲ್ಲ. ಅಜ್ಜಿ ಕಿಟಕಿಯಿಂದ ನೋಡುತ್ತಲೇ ಇದ್ದರು. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ತೆಗೆದರೆ ಒಂದು ಸ್ಪಾರ್ಕ್ ಪ್ಲಗ್ಗಿನ ಬಾವಿಯಲ್ಲೂ ಎಣ್ಣೆ. ಹಳೇ ಗ್ಯಾಸ್ಕೆಟ್ ರಬ್ಬರಿನ ಹಾಗಿರಲಿಲ್ಲ, ಬಾಗಿಸಿದರೆ ಹಪ್ಪಳದ ಹಾಗೆ ಮುರಿಯಿತು. ಎಲ್ಲ ಒರೆಸಿ ಹೊಸದು ಕೂರಿಸಿದೆ. ಬೋಲ್ಟ್‌ಗಳನ್ನು ನಡುವಿನಿಂದ ಶುರುಮಾಡಿ ಅಂಚಿಗೆ ಹೋಗುತ್ತಾ ಬಿಗಿದೆ. ಅಲ್ಲಿಯವರೆಗೆ ಸರಿಯಾಗಿತ್ತು. ಕೊನೆಯಲ್ಲಿ ಊರಿನ ಬುದ್ಧಿ ತೋರಿಸಿದೆ. ಸೋರಬಾರದಲ್ಲ ಎಂದು ಎಲ್ಲಕ್ಕೂ ಇನ್ನೊಂದು ಕಾಲು ಸುತ್ತು ಕೊಟ್ಟೆ.

ಮೂರು ವಾರಕ್ಕೆ ಕಲೆ ವಾಪಸ್ ಬಂತು.

ಈ ಸಲ ಹೋಗಿದ್ದು ‘ಝೆಲ್ಬ್‌ಸ್ಟ್‌ಹಿಲ್ಫೆ’ ಗ್ಯಾರೇಜಿಗೆ. ಎಂದರೆ, ನಿಮ್ಮ ಕಾರು ನೀವೇ ರಿಪೇರಿ ಮಾಡಿಕೊಳ್ಳಿ, ನಾವು ಜಾಗ ಬಾಡಿಗೆಗೆ ಕೊಡುತ್ತೇವೆ ಎನ್ನುವ ಶೆಡ್ಡು. ನಾನು ಹೋದ ಕಡೆ ಲಿಫ್ಟ್ ಸೇರಿ ಗಂಟೆಗೆ 18 ಯೂರೋ. ಗೋಡೆ ತುಂಬ ಸಾಮಾನು, ಪ್ರತಿಯೊಂದರ ಹಿಂದೆ ಅದರದೇ ಆಕಾರದ ಕಪ್ಪು ನೆರಳು ಬರೆದಿದ್ದಾರೆ. ಹತ್ತು ಎಂಎಂ ಸಾಕೆಟ್ಟಿನ ನೆರಳು ಮಾತ್ರ ಖಾಲಿ. ಅದು ಎಲ್ಲ ದೇಶದಲ್ಲೂ ಕಳೆದುಹೋಗುತ್ತದೆ ಅಂತ ಕಾಣುತ್ತದೆ. ಅಲ್ಲೊಬ್ಬ ಮೈಸ್ಟರ್, ಎಂದರೆ ಪರೀಕ್ಷೆ ಪಾಸಾದ ಹಿರಿಯ ಮೆಕ್ಯಾನಿಕ್, ಅರವತ್ತರ ಹತ್ತಿರದ ಮನುಷ್ಯ. ಕೈ ಕಟ್ಟಿಕೊಂಡು ನನ್ನ ಕೆಲಸ ನೋಡಿದ. ಕವರ್ ಬಿಚ್ಚಿದಾಗ ಹೊಸ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಹಿಸುಕಿ ಆಚೆ ಬಂದಿತ್ತು. ‘ಹತ್ತು ನ್ಯೂಟನ್ ಮೀಟರ್’ ಎಂದ, ಬೋಲ್ಟ್ ಬಿಗಿಯಬೇಕಾದದ್ದು ಅಷ್ಟೇ ಬಲದಲ್ಲಿ. ಒಂದು ಮೀಟರ್ ಕೋಲಿನ ತುದಿಗೆ ಒಂದು ಕಿಲೋ ಸಕ್ಕರೆ ನೇತುಹಾಕಿದರೆ ಎಷ್ಟೋ ಅಷ್ಟು. ನಾನು ಕೊಟ್ಟಿದ್ದು ಬಹುಶಃ ಅದರ ಎರಡರಷ್ಟು.

ಅವನು ಅಲ್ಲಿಗೆ ಬಿಡಲಿಲ್ಲ. ಇನ್ನೊಂದು ಗ್ಯಾಸ್ಕೆಟ್ ತರಿಸಿ ಹಾಕಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿಸಿದ. ಎಣ್ಣೆ ತುಂಬುವ ಮುಚ್ಚಳ ತೆಗೆದು, ಬಾಯಿಗೆ ಒಂದು ರಬ್ಬರ್ ಗ್ಲೌಸ್ ಕಟ್ಟಿದ. ಐದೂ ಬೆರಳು ಮೆಲ್ಲಗೆ ಉಬ್ಬಿ ನಿಂತು ನಮಗೆ ಟಾಟಾ ಮಾಡಿತು. ನನಗೆ ನಗು ಬಂತು, ಅವನಿಗೆ ಬರಲಿಲ್ಲ. ಪಿಸ್ಟನ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗೆ ನುಸುಳುತ್ತದೆ. ಅದನ್ನು ಬ್ರೀದರ್ ಪೈಪು ಎಳೆದುಕೊಂಡು ಮತ್ತೆ ಎಂಜಿನ್ನಿಗೇ ಸುಡಲು ಕಳಿಸಬೇಕು. ಹಾಗಿದ್ದಾಗ ಗ್ಲೌಸ್ ಸ್ವಲ್ಪ ಒಳಕ್ಕೆ ಸೇರಬೇಕು. ಉಬ್ಬಿದರೆ ದಾರಿ ಕಟ್ಟಿದೆ ಎಂದರ್ಥ. ಒಳಗಿನ ಒತ್ತಡ ಎಲ್ಲಿ ಸಡಿಲ ಸಿಕ್ಕರೆ ಅಲ್ಲಿಂದ ಎಣ್ಣೆ ತಳ್ಳುತ್ತದೆ. ಪೈಪು ಬಿಚ್ಚಿದರೆ ಒಳಗೆ ಹಳಸಿದ ಬೆಣ್ಣೆಯಂಥ ಮುದ್ದೆ. ಚಳಿಗಾಲದಲ್ಲಿ ನಾನು ಕಾರು ತೆಗೆಯುವುದು ಮಗಳನ್ನು ಸ್ಕೂಲಿಗೆ ಬಿಡಲು, ಎರಡು ಕಿಲೋಮೀಟರ್. ಎಂಜಿನ್ ಬಿಸಿಯಾಗುವುದೇ ಇಲ್ಲ, ಒಳಗೆ ನೀರಾವಿ ಕೂತು ಎಣ್ಣೆ ಜೊತೆ ಸೇರಿ ಮುದ್ದೆಯಾಗಿದೆ.

ಆ ಮೊದಲ ಗ್ಯಾರೇಜಿನವರು ಪೂರ್ತಿ ಸುಳ್ಳು ಹೇಳಿರಲಿಲ್ಲ ಅನ್ನುವುದೂ ಆಗಲೇ ತಿಳಿಯಿತು. ಈಗಿನ ಎಷ್ಟೋ ಎಂಜಿನ್‌ಗಳಲ್ಲಿ ಈ ಉಸಿರಾಟವನ್ನು ಹಿಡಿತದಲ್ಲಿಡುವ ತೆಳು ಪೊರೆ ಟ್ಯಾಪೆಟ್ ಕವರಿನ ಒಳಗೇ ಇರುತ್ತದೆ. ಅದು ಹರಿದರೆ ಕವರನ್ನೇ ಬದಲಾಯಿಸಬೇಕು. ನನ್ನದರಲ್ಲಿ ಪೈಪು ಹೊರಗಿತ್ತು. ಗೆರೆ ದಾಟಲು ಬಿಟ್ಟು ತೋರಿಸಿದ್ದರೆ ಇಬ್ಬರಿಗೂ ಗೊತ್ತಾಗುತ್ತಿತ್ತು.

ರಾತ್ರಿ ತಮ್ಮನಿಗೆ ಫೋನ್ ಮಾಡಿ ಗ್ಲೌಸ್ ಕಥೆ ಹೇಳಿದೆ. ಅವನು ಮಾರನೇ ದಿನ ಮೇಸ್ತ್ರಿಗೆ ಹೇಳಿದ್ದಾನೆ. ಮೇಸ್ತ್ರಿ ಕಳಿಸಿದ ಉತ್ತರ: ‘ಗ್ಲೌಸ್ ಯಾಕಂತೆ? ಅಂಗೈ ಇಟ್ಟು ನೋಡಿದ್ರೆ ಆಗಲ್ವಾ? ಇಷ್ಟು ವರ್ಷ ಪಕ್ಕದಲ್ಲಿ ಕೂತು ಏನ್ ನೋಡ್ದ ಅವ್ನು?’

ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ನಾನು ಕೇಳುವ ಮಾತು ಬೇರೆ. ನಮ್ಮಲ್ಲಿ ಸಿಲಿಕಾನ್ ಮೆತ್ತಿ ಕಳಿಸ್ತಾರೆ, ಇಲ್ಲಿ ಎಲ್ಲಾ ಪುಸ್ತಕದ ಪ್ರಕಾರ ಅಂತ. ನಾನು ಒಪ್ಪುವುದಿಲ್ಲ. ಮೆತ್ತುವವರು ಇದ್ದಾರೆ, ನಿಜ. ಜಾಸ್ತಿ ಮೆತ್ತಿದ್ದು ಒಳಗೆ ಬಿದ್ದು ಎಣ್ಣೆ ಎಳೆಯುವ ಜಾಲರಿ ಕಟ್ಟಿಕೊಂಡರೆ ಎಂಜಿನ್ನೇ ಹೋಗುತ್ತದೆ. ಆದರೆ ಎರಡು ಭಾಗ ಕೂಡುವ ಮೂಲೆಗಳಿಗೆ ಒಂದೊಂದು ಬೊಟ್ಟು ಸಿಲಿಕಾನ್ ಇಡಿ ಅಂತ ಇಲ್ಲಿನ ಪುಸ್ತಕವೇ ಹೇಳುತ್ತದೆ. ಇಲ್ಲಿ ಗ್ಯಾರೇಜ್ ನಡೆಸಲು ಸಾಮಾನ್ಯವಾಗಿ ಮೈಸ್ಟರ್ ಪರೀಕ್ಷೆ ಪಾಸಾದವರು ಬೇಕು. ನಮ್ಮ ಮೇಸ್ತ್ರಿಗೆ ಯಾವ ಕಾಗದವೂ ಇಲ್ಲ. ತಮಾಷೆ ನೋಡಿ, ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದ ನಮ್ಮ ಮೇಸ್ತ್ರಿಗೂ ಇವರ ಮೈಸ್ಟರ್‌ಗೂ ಹಿಂದೆ ಹೋದರೆ ಒಂದೇ ಲ್ಯಾಟಿನ್ ಮಾತು. ಕೆಲಸ ಗೊತ್ತಿರುವ ವಿಷಯದಲ್ಲಿ ಇಬ್ಬರ ನಡುವೆ ನನಗೆ ಅಂಥ ಅಂತರ ಕಾಣಲಿಲ್ಲ. ಪಕ್ಕ ನಿಲ್ಲಲು ಬಿಟ್ಟಿದ್ದರಿಂದಲೇ ಇಬ್ಬರಿಂದಲೂ ಕಲಿತೆ. ಊರಿನಲ್ಲಿ ಅದು ಬಿಟ್ಟಿ, ಇಲ್ಲಿ ಗಂಟೆಗೆ 18 ಯೂರೋ.

ಇಲ್ಲಿಂದ ಊರಿಗೆ ಒಯ್ಯಬೇಕು ಅನ್ನಿಸುವುದು ಒಂದೇ. ಕೆಲಸದ ಜೊತೆ ಎಣ್ಣೆಯನ್ನೂ ಬದಲಾಯಿಸಿದ್ದೆ. ನಾಲ್ಕು ಲೀಟರ್ ಹಳೇ ಎಣ್ಣೆಯನ್ನು ಹೊಸದು ಕೊಂಡ ಅಂಗಡಿಗೇ ಬಿಲ್ಲಿನ ಜೊತೆ ಕೊಟ್ಟು ಬಂದೆ. ಮಾರಿದಷ್ಟು ಎಣ್ಣೆಯನ್ನು ಬಿಟ್ಟಿಯಾಗಿ ವಾಪಸ್ ತೆಗೆದುಕೊಳ್ಳಬೇಕು ಎಂದು ಅಂಗಡಿಯವರಿಗೇ ಕಾನೂನಿದೆ. ನಮ್ಮಲ್ಲೂ 2016ರ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯವೇ. ಆದರೆ ನಮ್ಮ ತೋಟದ ಬೇಲಿ ಗೂಟಕ್ಕೆ ಗೆದ್ದಲು ಬರದಿರಲಿ ಎಂದು ಬಳಿದಿದ್ದು ಅದನ್ನೇ, ಮನೆ ಕಟ್ಟುವಾಗ ಸೆಂಟ್ರಿಂಗ್ ಹಲಗೆಗೆ ಸವರಿದ್ದೂ ಅದನ್ನೇ. ಗೂಟ ನಿಂತ ಜಾಗಕ್ಕೂ ಬಾವಿಗೂ ನಡುವೆ ಇದ್ದದ್ದು ಮೂವತ್ತು ಹೆಜ್ಜೆ. ಆಗ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಮುಂದಿನ ತಪಾಸಣೆ ಮಾರ್ಚಿಗೆ. ರಟ್ಟನ್ನು ನಾನಿನ್ನೂ ಕಾರಿನ ಕೆಳಗಿನಿಂದ ತೆಗೆದಿಲ್ಲ. ನಾನು ಎದ್ದು ಹೋಗುವ ಹೊತ್ತಿಗೆ ಅಜ್ಜಿ ಆಗಲೇ ಬಗ್ಗಿ ನೋಡಿರುತ್ತಾರೆ. ಮೊನ್ನೆ ಕೋಲಿನ ತುದಿಯಿಂದ ಒಂದು ಚುಕ್ಕೆ ತೋರಿಸಿದರು. ಬೆರಳಿಟ್ಟು ಮೂಸಿದೆ, ಬರೀ ನೀರು.