ಮುಳ್ಳಿನ ಗಿಡದ ನೆರಳು, ಹತ್ತಡಿಗೆ ಇಪ್ಪತ್ತಡಿ

ಹಬ್ಬಕ್ಕೆ ಇಗರ್ಜಿ ಎದುರು ಕಟ್ಟಿದ್ದ ಫ್ಲೆಕ್ಸ್ ಈ ಸಲವೂ ಗಾಳಿಗೆ ಹರಿಯಿತಂತೆ. ಹರಿಯದೆ ಇನ್ನೇನು? ಕಾರವಾರದ ಕಡಲಗಾಳಿಗೆ ಹತ್ತಡಿ ಎತ್ತರ, ಇಪ್ಪತ್ತಡಿ ಅಗಲದ ಹಾಳೆ ಒಡ್ಡಿದರೆ ಅದು ಫ್ಲೆಕ್ಸ್ ಅಲ್ಲ, ಹಾಯಿ. ಅಲ್ಲಲ್ಲಿ ಅರ್ಧಚಂದ್ರದ ಹಾಗೆ ಕೊಯ್ದು ಗಾಳಿಗೆ ದಾರಿ ಬಿಡಬೇಕು. ಕೊಯ್ಯುವುದೆಲ್ಲಿ? ಇಪ್ಪತ್ತರಲ್ಲಿ ಹದಿನಾಲ್ಕಡಿ ನಾಯಕರ ಮುಖವೇ. ಆ ಮೂಗಿಗೆ ಕತ್ತರಿ ಹಾಕುವ ಧೈರ್ಯ ಯಾರಿಗಿದೆ? ಉಳಿದ ಜಾಗದಲ್ಲಿ ಸ್ವಾಗತ ಕೋರುವವರ ಹನ್ನೆರಡು ಪಾಸ್‌ಪೋರ್ಟ್ ಫೋಟೊ. ಮೂಲೆಯಲ್ಲಿ ಸಂತರು, ಹಬ್ಬ ಅವರದ್ದೇ. ಅಲ್ಲಿ ಕೊಯ್ಯಬಹುದು, ಅವರು ಬೇಜಾರು ಮಾಡಿಕೊಳ್ಳುವವರಲ್ಲ. ರಾಜ್ಯದಲ್ಲಿ 2016ರಿಂದಲೇ ಫ್ಲೆಕ್ಸ್ ನಿಷೇಧ ಇದೆ ಎನ್ನುವ ಅಧಿಕಪ್ರಸಂಗಿಗಳು ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಕಾರು ಬರುತ್ತಿದೆ.

ನಾಯಕರಿಗೆ ಮುಂದಿನ ಬೆಂಚು, ಶಾಲು, ಹಣ್ಣಿನ ಬುಟ್ಟಿ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವ ಭರವಸೆ. ಪಾದ್ರಿಗಳ ಪ್ರಬೋಧನೆಗೆ ಎಂದೂ ಬೀಳದ ಚಪ್ಪಾಳೆ. ಅಡಿಗೆ ಜಲ್ಲಿ ಹಾಸಿ ಒತ್ತದೆ ಬರೀ ಮರಳಿನ ಮೇಲೆ ಕೂರಿಸಿದ ಇಂಟರ್‌ಲಾಕ್ ಮೊದಲ ಮಳೆಗಾಲಕ್ಕೇ ತಗ್ಗು ಬೀಳುತ್ತದೆ. ಮರಳಿನ ಮೇಲೆ ಮನೆ ಕಟ್ಟಿದವನ ಕಥೆ ಕೇಳುತ್ತ ಬೆಳೆದವರಿಗೆ ಇದನ್ನು ಬೇರೆ ಹೇಳಬೇಕೆ?

ಈ ಚಾಳಿ ಬೈಬಲಿನಷ್ಟು ಹಳೆಯದು. ನಮಗೂ ಒಬ್ಬ ರಾಜ ಬೇಕೆಂದು ಇಸ್ರಾಯೇಲರು ಹಟ ಹಿಡಿದಾಗ ಮುದುಕ ಪ್ರವಾದಿ ಸಮುವೇಲ ಖರ್ಚಿನ ಪಟ್ಟಿಯನ್ನೇ ಓದಿದ: ಗಂಡುಮಕ್ಕಳು ಅವನ ರಥದ ಮುಂದೆ ಓಡಬೇಕು, ಹೆಣ್ಣುಮಕ್ಕಳು ಅವನ ಅಡುಗೆಮನೆಗೆ, ಒಳ್ಳೊಳ್ಳೆಯ ಹೊಲ ಅವನ ಕಡೆಯವರಿಗೆ, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು. ಆದರೂ ಬೇಕು ಅಂದರು. (ರಥದ ಮುಂದೆ ಓಡುವುದಕ್ಕೆ ಈಗ ಬೈಕ್ ರ‍್ಯಾಲಿ ಎನ್ನುತ್ತಾರೆ, ಪೆಟ್ರೋಲ್ ಕೊಡುತ್ತಾರೆ.) ಆಯ್ಕೆಯಾದ ಸೌಲನೋ, ಹೆಸರು ಕೂಗುವ ಹೊತ್ತಿಗೆ ಸಾಮಾನಿನ ಮೂಟೆಗಳ ನಡುವೆ ಅಡಗಿ ಕೂತಿದ್ದ! ಈಗಿನವರೂ ಅಡಗುತ್ತಾರೆ, ರೆಸಾರ್ಟಿನಲ್ಲಿ. ಕಾರಣ ಬೇರೆ.

ಅದೇ ಬೈಬಲಿನಲ್ಲಿ ಯೋತಾಮ ಎಂಬವನು ಹೇಳಿದ ಕಥೆಯಲ್ಲಿ ಮರಗಳೇ ರಾಜನನ್ನು ಹುಡುಕಿ ಹೊರಡುತ್ತವೆ. ಎಣ್ಣೆಮರ (ಆಲಿವ್), ಅಂಜೂರ, ದ್ರಾಕ್ಷಿ ಮೂರೂ ನಮಗೆ ನಮ್ಮದೇ ಕೆಲಸ ಇದೆ ಎಂದವು. ಒಪ್ಪಿದ್ದು ಮುಳ್ಳಿನ ಗಿಡ. ಬನ್ನಿ, ನನ್ನ ನೆರಳಲ್ಲಿ ಆಶ್ರಯ ಪಡೆಯಿರಿ ಅಂತ ಬೇರೆ. ಇದಕ್ಕಿಂತ ನಮ್ಮ ಫ್ಲೆಕ್ಸೇ ವಾಸಿ, ಮಳೆಗಾಲಕ್ಕೆ ಕಟ್ಟಿಗೆ ರಾಶಿಯಾದರೂ ಒದ್ದೆಯಾಗುವುದಿಲ್ಲ.

ಐದು ರೊಟ್ಟಿ, ಎರಡು ಮೀನಿನಲ್ಲಿ ಐದು ಸಾವಿರ ಜನರಿಗೆ ಉಣ್ಣಿಸಿದ ಯೇಸುವನ್ನು ಜನ ಹಿಡಿದು ರಾಜನನ್ನಾಗಿ ಮಾಡಲು ಬಂದಾಗ, ಅವನು ಒಬ್ಬನೇ ಬೆಟ್ಟ ಹತ್ತಿ ಹೋಗಿಬಿಟ್ಟ. ಅವನ ಹೆಸರಿನ ಇಗರ್ಜಿಯಲ್ಲೇ ಬಿರಿಯಾನಿ ಪೊಟ್ಟಣ ಹಂಚಿದವನಿಗೆ ಉದ್ಧಾರಕ ಎಂಬ ಬಿರುದು.

2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ಹೊರಟ ಆಂಬುಲೆನ್ಸ್ ಮಳೆಯಲ್ಲಿ ಜಾರಿ ಬೈಂದೂರಿನ ಶಿರೂರು ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತರು. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕೆಂದು ಜನ ಬೀದಿಗಿಳಿದರು. ಎಲ್ಲ ಬಣ್ಣದ ಶಾಲಿನವರೂ ಆಗಲಿ ಅಂದರು. ತಲೆಗೆ ದೊಡ್ಡ ಪೆಟ್ಟಾದರೆ ಇವತ್ತಿಗೂ ಮಣಿಪಾಲ, ಇಲ್ಲವೇ ಗೋವಾದ ಬಾಂಬೋಳಿ. ದಾರಿಯಲ್ಲೇ ಉಸಿರು ನಿಂತವರ ಪೆಟ್ಟಿಗೆ ಇಳಿಸುವುದೂ ಇದೇ ಇಗರ್ಜಿಯ ಮುಂದೆ, ಇದೇ ಬೆಂಚಿನ ಪಕ್ಕ. ಆಸ್ಪತ್ರೆ ಏನಾಯಿತು ಎಂದು ಆ ಬೆಂಚಿನವರನ್ನು ಒಬ್ಬರಾದರೂ ಕೇಳಬಾರದೆ? ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಿ ಅಂದದ್ದು ಪೌಲ. ಅವರನ್ನೇ ಪ್ರಾರ್ಥಿಸಿ ಅಂದಿಲ್ಲ.

ಮುಂದಿನ ವರ್ಷದ ಫ್ಲೆಕ್ಸಿಗೆ ಆರ್ಡರ್ ಕೊಡುವವರಿಗೆ: ಈ ಸಲದ ಡಿಸೈನ್ ಅಳಿಸಬೇಡಿ. ಅಷ್ಟರಲ್ಲಿ ನಾಯಕರು ಪಕ್ಷ ಬದಲಿಸಿದ್ದರೆ ಶಾಲಿನ ಬಣ್ಣ ತಿದ್ದಲು ಅಂಗಡಿಯವನಿಗೆ ಐದು ನಿಮಿಷ ಸಾಕು. ಸಂತರ ಫೋಟೊ ಅದೇ ಇರಲಿ.